ಬೇಸ್‌ಬಾಲ್ ಕ್ರೀಡಾಂಗಣದೊಳಗೆ ತಂಡದ ಇತಿಹಾಸ: ಪ್ರತಿಮೆಯೋ, ಮ್ಯೂಸಿಯಮೋ, ಒಂದು ಕೆಂಪು ಕುರ್ಚಿಯೋ?

ಬಾಸ್ಟನ್ನಿನ ಫೆನ್‌ವೇ ಪಾರ್ಕ್ ಕ್ರೀಡಾಂಗಣದಲ್ಲಿ ರೈಟ್ ಫೀಲ್ಡಿನ, ಅಂದರೆ ಬ್ಯಾಟರ್ ನಿಂತಲ್ಲಿಂದ ಬಲಕ್ಕಿರುವ ಮೈದಾನದ ದೂರದ ಭಾಗದ, ಹಿಂದಿರುವ ಗ್ಯಾಲರಿಯ ಕುರ್ಚಿಗಳೆಲ್ಲ ಹಸಿರು. 42ನೇ ವಿಭಾಗದ 37ನೇ ಸಾಲಿನಲ್ಲಿರುವ 21ನೇ ಕುರ್ಚಿಯೊಂದು ಮಾತ್ರ ಕೆಂಪು. 1946ರ ಜೂನ್ 9ರಂದು ಬಾಸ್ಟನ್ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸ್ ಹೊಡೆದ ಚೆಂಡು 502 ಅಡಿ, ಅಂದರೆ ಸುಮಾರು 153 ಮೀಟರ್ ದೂರ ಹಾರಿ ಬಂದು, ಅಲ್ಲಿ ಕುಳಿತಿದ್ದ ಪ್ರೇಕ್ಷಕರೊಬ್ಬರ ಹುಲ್ಲಿನ ಟೋಪಿಯನ್ನು ತೂತು ಮಾಡಿತ್ತು. 1984ರಲ್ಲಿ ತಂಡವು ಆ ಜಾಗವನ್ನು ಕೆಂಪು ಕುರ್ಚಿಯಿಂದ ಗುರುತಿಸಿತು. ಅಲ್ಲಿ ಕುಳಿತವರಿಗೆ ಹೋಮ್ ಪ್ಲೇಟಿನ ಬಳಿ ನಿಂತ ಬ್ಯಾಟರ್, ಕೈ ಚಾಚಿ ನೋಡಿದರೆ ಕಿರುಬೆರಳ ಉಗುರಿನಷ್ಟೇ ಎತ್ತರ ಕಾಣುತ್ತಾರೆ. ಅಷ್ಟು ದೂರದಿಂದ ಒಂದು ಚೆಂಡು ಇಲ್ಲಿಯವರೆಗೆ ಬಂದಿತೆಂಬುದು ಆಗ ಮೈಗೆ ತಟ್ಟುತ್ತದೆ. ಫಲಕದ ಮೇಲೆ 502 ಎಂದು ಓದಿಕೊಂಡು ಹೋದರೆ ಆ ಅನುಭವ ಆಗುವುದಿಲ್ಲ.

ತಂಡವೊಂದು ತನ್ನ ಇತಿಹಾಸವನ್ನು ಕ್ರೀಡಾಂಗಣದೊಳಗೆ ತೋರಿಸಲು ಹೊರಟಾಗ ಅದರ ಮುಂದೆ ಹಲವು ದಾರಿಗಳಿರುತ್ತವೆ. ಘಟನೆ ನಡೆದ ಜಾಗವನ್ನೇ ಗುರುತಿಸಬಹುದು. ಕಟ್ಟಡದ ಅಳತೆಯಲ್ಲೇ ಇತಿಹಾಸವನ್ನು ಸೇರಿಸಬಹುದು. ಆಟಗಾರರ ಸಂಖ್ಯೆಗಳನ್ನು ಗೋಡೆಗೆ ಏರಿಸಬಹುದು. ಕಂಚಿನ ಪ್ರತಿಮೆ ನಿಲ್ಲಿಸಬಹುದು. ಹಳೆಯ ಜರ್ಸಿ, ಬ್ಯಾಟುಗಳಿಗಾಗಿ ಮ್ಯೂಸಿಯಂ ಕಟ್ಟಬಹುದು. ಇವುಗಳಲ್ಲಿ ಯಾವುದು ಯಾವ ತಂಡಕ್ಕೆ ಹೊಂದುತ್ತದೆ ಎಂಬುದನ್ನು ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗಾದ ಮೇಜರ್ ಲೀಗಿನ ಕ್ರೀಡಾಂಗಣಗಳಲ್ಲಿ ಕಂಡುಬರುವ ಉದಾಹರಣೆಗಳ ಮೂಲಕವೇ ಇಲ್ಲಿ ಹೋಲಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಜಾಗವನ್ನು ಗುರುತಿಸುವ ಕೆಲಸ ಮೊದಲು ಆಗಬೇಕು, ವಸ್ತುಗಳನ್ನು ಕಾಪಾಡಿ ತೋರಿಸುವ ಕೆಲಸ ಅನಂತರ, ಪ್ರತಿಮೆ ಎಲ್ಲಕ್ಕಿಂತ ಕೊನೆಗೆ.

ನೋಡುವವರ ಹತ್ತಿರ ಎಷ್ಟು ಹೊತ್ತಿದೆ?

ಮ್ಯೂಸಿಯಮ್ಮಿಗೆ ಬರುವವರು ನೋಡಲೆಂದೇ ಬಂದಿರುತ್ತಾರೆ. ಕ್ರೀಡಾಂಗಣಕ್ಕೆ ಬರುವವರು ಪಂದ್ಯಕ್ಕೆ ಬಂದಿರುತ್ತಾರೆ; ಪ್ರದರ್ಶನವು ಅವರ ದಾರಿಯಲ್ಲಿ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೇಜರ್ ಲೀಗ್ ತಂಡವೊಂದು ಸಾಮಾನ್ಯ ಋತುವಿನಲ್ಲಿ ತವರಿನಲ್ಲಿ ಆಡುವುದು 81 ಪಂದ್ಯ. ಉಳಿದ ದಿನಗಳಲ್ಲಿ ಕ್ರೀಡಾಂಗಣವು ಮಾರ್ಗದರ್ಶಿಯೊಂದಿಗೆ ಬರುವ ಸಣ್ಣ ಗುಂಪುಗಳದ್ದು. 2023ರಲ್ಲಿ ಚೆಂಡೆಸೆಯುವ ಪಿಚರ್‌ಗೆ ಕಾಲಮಿತಿಯ ಗಡಿಯಾರ ಬಂದ ಮೇಲೆ ಪಂದ್ಯದ ಸರಾಸರಿ ಅವಧಿ ಹಿಂದಿನ ವರ್ಷಕ್ಕಿಂತ ಸುಮಾರು 24 ನಿಮಿಷ ಇಳಿಯಿತು. ಆಟದ ದೃಷ್ಟಿಯಿಂದ ಇದು ಒಳ್ಳೆಯದೇ ಆಯಿತು. ಆದರೆ ನಡುವೆ ಎದ್ದು ಹೋಗಿ ಪಡಸಾಲೆಯಲ್ಲಿ ನಿಧಾನವಾಗಿ ಸುತ್ತಾಡಿ ಬರುವ ವ್ಯವಧಾನ ಪ್ರೇಕ್ಷಕರಿಗೆ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಆದ್ದರಿಂದ ಯಾವ ಪ್ರದರ್ಶನವನ್ನು ಆರಿಸಿಕೊಂಡರೂ ಎರಡು ಬಗೆಯ ಓದುಗರನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಬೇಕು. ಪಂದ್ಯದ ದಿನ ನಡೆಯುತ್ತಲೇ ನೋಡುವವರಿಗೆ ದೊಡ್ಡ ಚಿತ್ರ, ಒಂದು ಹೆಸರು, ಒಂದು ವರ್ಷ ಇಷ್ಟು ಸಾಕು. ತಿಂಡಿಯ ಮಳಿಗೆಯ ಮುಂದೆ ಸಾಲಿನಲ್ಲಿ ನಿಂತವರಿಗೆ ಐದು ನಿಮಿಷ ಓದುವಷ್ಟು ಬರಹ ಕೊಡಬಹುದು. ಅವರು ಹೇಗೂ ಅಲ್ಲಿಂದ ಕದಲುವಂತಿಲ್ಲ. ಉದ್ದದ ಬರಹವನ್ನು ಜನ ಹರಿದು ಬರುವ ಪ್ರವೇಶದ್ವಾರದಲ್ಲಿ ಹಾಕಿ, ಸಾಲು ನಿಲ್ಲುವ ಜಾಗದ ಗೋಡೆಯನ್ನು ಜಾಹೀರಾತಿಗೆ ಬಿಟ್ಟುಕೊಟ್ಟರೆ ಎರಡೂ ಕಡೆ ನಷ್ಟ.

ಪಡಸಾಲೆಯ ಗೋಡೆಗೆ ಏನನ್ನಾದರೂ ಹಾಕುವ ಮುಂಚೆ ಅಮೆರಿಕದ ಅಂಗವಿಕಲರ ಹಕ್ಕುಗಳ ಕಾನೂನಿನ ಒಂದು ನಿಯಮವನ್ನು ನೋಡಬೇಕು. ನೆಲದಿಂದ 27 ಇಂಚಿಗಿಂತ ಮೇಲೆ, 80 ಇಂಚಿನೊಳಗೆ ಗೋಡೆಗೆ ಜೋಡಿಸಿದ ವಸ್ತು ನಡೆಯುವ ದಾರಿಗೆ 4 ಇಂಚಿಗಿಂತ ಹೆಚ್ಚು ಚಾಚಿಕೊಂಡಿರಬಾರದು. ಕೋಲು ಹಿಡಿದು ನಡೆಯುವ ದೃಷ್ಟಿಹೀನರಿಗೆ ಅಂಥ ವಸ್ತು ಕೋಲಿಗೆ ಸಿಗದೆ ನೇರವಾಗಿ ಮೈಗೆ ಬಡಿಯುತ್ತದೆ ಎಂಬುದು ಇದರ ಹಿಂದಿನ ಕಾಳಜಿ. ಬ್ಯಾಟು, ಗ್ಲೌಸುಗಳನ್ನು ಇಡುವ ಗಾಜಿನ ಪೆಟ್ಟಿಗೆಗೆ 4 ಇಂಚು ಸಾಲುವುದಿಲ್ಲ. ಹೀಗಾಗಿ ಅಂಥ ಪೆಟ್ಟಿಗೆಗಳನ್ನು ಗೋಡೆಯೊಳಗೆ ಗೂಡು ಮಾಡಿಯೇ ಇಡಬೇಕು, ಇಲ್ಲವೇ ನೆಲದವರೆಗೆ ಇಳಿಸಬೇಕು. ಗೂಡಿಗೆ ಜಾಗ ಸಿಗುವುದು ಕಟ್ಟಡದ ನಕ್ಷೆ ಇನ್ನೂ ಕಾಗದದ ಮೇಲಿರುವಾಗ.

ಚೆಂಡು ಬಿದ್ದ ಜಾಗ

ಬಾಲ್ಟಿಮೋರಿನ ಕ್ಯಾಮ್ಡೆನ್ ಯಾರ್ಡ್ಸ್ ಕ್ರೀಡಾಂಗಣ 1992ರಲ್ಲಿ ಆರಂಭವಾಯಿತು. ರೈಟ್ ಫೀಲ್ಡಿನ ಆಚೆ ಹಳೆಯ ರೈಲ್ವೆ ಗೋದಾಮಿನ ಇಟ್ಟಿಗೆ ಕಟ್ಟಡವಿದೆ. ಅದಕ್ಕೂ ಗ್ಯಾಲರಿಗೂ ನಡುವೆ ಯೂಟಾ ಸ್ಟ್ರೀಟ್ ಎಂಬ ಬೀದಿ. ಹೋಮ್ ರನ್, ಅಂದರೆ ನಮ್ಮ ಸಿಕ್ಸರಿನಂತೆ ಗಡಿಯಾಚೆ ಹೋದ ಹೊಡೆತದ ಚೆಂಡು ಹಾರಿ ಬಂದು ಆ ಬೀದಿಯ ಮೇಲೆ ಬಿದ್ದಾಗಲೆಲ್ಲ, ಬಿದ್ದ ಜಾಗದಲ್ಲಿ ಬೇಸ್‌ಬಾಲಿನ ಆಕಾರದ ಪುಟ್ಟ ಕಂಚಿನ ಬಿಲ್ಲೆಯೊಂದನ್ನು ನೆಲದಲ್ಲಿ ಕೂರಿಸುತ್ತಾರೆ. ಅದರ ಮೇಲೆ ಹೊಡೆದವರ ಹೆಸರು, ದಿನಾಂಕ, ದೂರ. ಈಗ ಅಂಥ ಬಿಲ್ಲೆಗಳು ನೂರಕ್ಕೂ ಹೆಚ್ಚಾಗಿವೆ. ತವರಿನ ಆಟಗಾರರಷ್ಟೇ ಅಲ್ಲದೆ ಎದುರಾಳಿಗಳ ಹೊಡೆತಗಳಿಗೂ ಅಲ್ಲಿ ಸ್ಥಾನವಿದೆ. 1993ರ ಹೋಮ್ ರನ್ ಸ್ಪರ್ಧೆಯಲ್ಲಿ ಕೆನ್ ಗ್ರಿಫಿ ಜೂನಿಯರ್ ಹೊಡೆದ ಚೆಂಡು ಗೋದಾಮಿನ ಗೋಡೆಗೇ ನೇರವಾಗಿ ಬಡಿದಾಗ ಅದರ ಗುರುತನ್ನು ಗೋಡೆಯಲ್ಲೇ ಹಾಕಿದರು.

ಕರ್ನಾಟಕದ ಊರೂರಲ್ಲಿ ವೀರಗಲ್ಲು ನೋಡಿ ಬೆಳೆದವರಿಗೆ ಇದರ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಿ ನಡೆಯಿತೋ ಅಲ್ಲೇ ಕಲ್ಲು ನಿಂತಾಗ, ಕಥೆ ಹೇಳುವ ಕೆಲಸದಲ್ಲಿ ಅರ್ಧವನ್ನು ಜಾಗವೇ ಮಾಡಿಬಿಡುತ್ತದೆ.

ಯೂಟಾ ಬೀದಿಯ ವ್ಯವಸ್ಥೆಯಲ್ಲಿ ನಾನು ಮೆಚ್ಚುವ ಗುಣಗಳು ಎರಡು. ಒಂದು, ಅದು ಮುಗಿಯದ ಪ್ರದರ್ಶನ. ಮುಂದಿನ ಬಿಲ್ಲೆ ನಾಳೆ ಸಂಜೆಯ ಪಂದ್ಯದಲ್ಲೇ ಹುಟ್ಟಬಹುದು. ಇನ್ನೊಂದು, ಅದರಲ್ಲಿ ಆಯ್ಕೆ ಸಮಿತಿಯ ಪಾತ್ರವಿಲ್ಲ. ಚೆಂಡು ಬಿದ್ದರೆ ಬಿಲ್ಲೆ ಉಂಟು, ಬೀಳದಿದ್ದರೆ ಇಲ್ಲ. ಎರಡೇ ವರ್ಷ ಆಡಿ ಮರೆತುಹೋದ ಆಟಗಾರರಿಗೂ ದಂತಕಥೆಯಾದವರಿಗೂ ಅಲ್ಲಿ ಒಂದೇ ಅಳತೆಯ ಕಂಚು.

ಈ ದಾರಿಯ ಮಿತಿಯೂ ಸ್ಪಷ್ಟ: ಜಾಗ ಉಳಿದಿರಬೇಕು. 1912ರಿಂದ ಒಂದೇ ಕ್ರೀಡಾಂಗಣದಲ್ಲಿ ಆಡುತ್ತಿರುವ ಬಾಸ್ಟನ್ನಿನಂಥ ತಂಡಕ್ಕೆ ಇದು ಸುಲಭ. ಕ್ರೀಡಾಂಗಣವನ್ನು ಬದಲಿಸಿದ ತಂಡಕ್ಕೆ ಕಷ್ಟ, ಆದರೂ ಅಸಾಧ್ಯವಲ್ಲ. ಸಿನ್ಸಿನಾಟಿಯ ಪೀಟ್ ರೋಸ್ 1985ರ ಸೆಪ್ಟೆಂಬರ್ 11ರಂದು ತಮ್ಮ 4,192ನೇ ಹಿಟ್ (ಓಡಿ ಮುಟ್ಟಬೇಕಾದ ಬೇಸ್ ಎಂಬ ನಿಲುಗಡೆಯನ್ನು ಬ್ಯಾಟರ್ ಸುರಕ್ಷಿತವಾಗಿ ತಲುಪುವ ಹೊಡೆತ) ಹೊಡೆದ ರಿವರ್‌ಫ್ರಂಟ್ ಕ್ರೀಡಾಂಗಣ ಈಗಿಲ್ಲ. ಅಂದು ಚೆಂಡು ಬಿದ್ದ ಜಾಗ ಈಗಿನ ಕ್ರೀಡಾಂಗಣದ ಪಕ್ಕದ ಗುಲಾಬಿ ತೋಟದೊಳಗೆ ಬರುತ್ತದೆ. ಅಲ್ಲಿ ಬಿಳಿ ಗುಲಾಬಿಯ ಗಿಡವೊಂದು ಆ ಜಾಗವನ್ನು ತೋರಿಸುತ್ತದೆ. ಮಿನ್ನೆಸೋಟದ ಹಳೆಯ ಮೆಟ್ರೊಪಾಲಿಟನ್ ಕ್ರೀಡಾಂಗಣವಿದ್ದ ನೆಲದಲ್ಲಿ ಈಗ ಮಾಲ್ ಆಫ್ ಅಮೆರಿಕ ನಿಂತಿದೆ. ಅದರ ನೆಲದಲ್ಲಿ ಹೋಮ್ ಪ್ಲೇಟಿನ ಗುರುತು, ದೂರದ ಗೋಡೆಯ ಮೇಲೆತ್ತರದಲ್ಲಿ 1967ರಲ್ಲಿ ಹಾರ್ಮನ್ ಕಿಲ್ಲೆಬ್ರೂ ಹೊಡೆದ ಚೆಂಡು ತಲುಪಿದ್ದ ಕುರ್ಚಿ. ನ್ಯೂಯಾರ್ಕ್ ಮೆಟ್ಸ್ ತಂಡವು ತನ್ನ ಹಳೆಯ ಶೇ ಕ್ರೀಡಾಂಗಣದ ಬೇಸುಗಳ ಜಾಗವನ್ನು ಈಗಿನ ವಾಹನ ನಿಲ್ದಾಣದಲ್ಲಿ ಗುರುತಿಸಿದೆ.

ಪಿಟ್ಸ್‌ಬರ್ಗಿನದು ಇನ್ನೂ ಹೃದ್ಯವಾದ ಉದಾಹರಣೆ. ಫೋರ್ಬ್ಸ್ ಫೀಲ್ಡ್ 1970ರಲ್ಲಿ ಮುಚ್ಚಿತು. ಅದರ ಹೊರಗೋಡೆಯ ಒಂದು ಭಾಗ ವಿಶ್ವವಿದ್ಯಾಲಯದ ಆವರಣದಲ್ಲಿ ಉಳಿದಿದೆ. 1960ರ ಅಕ್ಟೋಬರ್ 13ರಂದು ಬಿಲ್ ಮ್ಯಾಜರಾಸ್ಕಿ ಹೊಡೆದ ಹೋಮ್ ರನ್ನಿನಿಂದ ಮೇಜರ್ ಲೀಗಿನ ಅಂತಿಮ ಹಣಾಹಣಿಯಾದ ವಿಶ್ವ ಸರಣಿಯ ಏಳನೇ ಪಂದ್ಯ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಪಿಟ್ಸ್‌ಬರ್ಗಿನ ಗೆಲುವಿನಲ್ಲಿ ಮುಗಿದಿತ್ತು. ಪ್ರತಿ ವರ್ಷ ಅದೇ ದಿನ ಅಭಿಮಾನಿಗಳು ಆ ಗೋಡೆಯ ಬಳಿ ಸೇರಿ ಅಂದಿನ ರೇಡಿಯೊ ವೀಕ್ಷಕ ವಿವರಣೆಯ ಧ್ವನಿಮುದ್ರಣವನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಾರೆ. ಹಳೆಯ ಇಟ್ಟಿಗೆ, ಹಳೆಯ ದನಿ, ಇಷ್ಟೇ ಸಾಮಗ್ರಿ. ಯಾವ ವಿನ್ಯಾಸ ಸಂಸ್ಥೆಯೂ ಇದಕ್ಕಿಂತ ಒಳ್ಳೆಯದನ್ನು ಕಟ್ಟಿಕೊಡಲಾರದು ಎಂದು ನಾನು ನಂಬಿದ್ದೇನೆ.

ಅಳತೆಯಲ್ಲಿ ಸೇರಿಸಿದ ಇತಿಹಾಸ

ಹೊಸ ಕ್ರೀಡಾಂಗಣ ಕಟ್ಟುವವರಿಗೆ ಮಾತ್ರ ದೊರೆಯುವ ಅವಕಾಶವಿದು. ಪಿಟ್ಸ್‌ಬರ್ಗಿನಲ್ಲಿ 2001ರಲ್ಲಿ ಆರಂಭವಾದ ಪಿಎನ್‌ಸಿ ಪಾರ್ಕಿನ ರೈಟ್ ಫೀಲ್ಡ್ ಗೋಡೆಯ ಎತ್ತರ 21 ಅಡಿ; ಪಿಟ್ಸ್‌ಬರ್ಗ್ ತಂಡದಲ್ಲಿ ಹಿಂದೆ ರೈಟ್ ಫೀಲ್ಡಿನಲ್ಲೇ ಆಡುತ್ತಿದ್ದ ರಾಬರ್ಟೊ ಕ್ಲೆಮೆಂಟೆ ಅವರ ಜರ್ಸಿ ಸಂಖ್ಯೆ 21. ಸ್ಯಾನ್ ಫ್ರಾನ್ಸಿಸ್ಕೊದ ಕ್ರೀಡಾಂಗಣದಲ್ಲಿ 24 ಸಂಖ್ಯೆಯ ವಿಲ್ಲಿ ಮೇಸ್ ಅವರ ಗೌರವಕ್ಕೆ ರೈಟ್ ಫೀಲ್ಡ್ ಗೋಡೆ 24 ಅಡಿ. ಅವರ ಪ್ರತಿಮೆಯ ಸುತ್ತ 24 ತಾಳೆಮರಗಳು. ಕ್ರೀಡಾಂಗಣದ ವಿಳಾಸವೂ 24, ವಿಲ್ಲಿ ಮೇಸ್ ಪ್ಲಾಜಾ. ಮಿನ್ನೆಸೋಟದ ಟಾರ್ಗೆಟ್ ಫೀಲ್ಡಿನಲ್ಲಿ ದ್ವಾರಗಳಿಗೆ 3, 6, 14, 29, 34 ಎಂಬ ಸಂಖ್ಯೆಗಳಿವೆ. ಕಿಲ್ಲೆಬ್ರೂ, ಒಲಿವಾ, ಹರ್ಬೆಕ್, ಕೆರೂ, ಪಕೆಟ್ ಧರಿಸಿದ್ದ ಸಂಖ್ಯೆಗಳವು. ಅಲ್ಲಿ ಗೆಳೆಯರು ‘34ರ ಹತ್ತಿರ ಸಿಗೋಣ’ ಎಂದುಕೊಂಡಾಗ ಕರ್ಬಿ ಪಕೆಟ್ ಅವರ ನೆನಪು ತಾನಾಗಿ ದಿನನಿತ್ಯದ ಮಾತಿನೊಳಗೆ ಬಂದು ಸೇರುತ್ತದೆ. ಇದಕ್ಕೆ ಪ್ರತ್ಯೇಕ ವೆಚ್ಚ ತೀರಾ ಕಡಿಮೆ, ನಿರ್ವಹಣೆಯ ಹೊರೆ ಇಲ್ಲವೇ ಇಲ್ಲ. ಆದರೆ ಗೋಡೆಯ ಎತ್ತರ ತಾನಾಗಿ ಮಾತಾಡುವುದಿಲ್ಲ. ಯಾರಾದರೂ ಹೇಳಿದರೆ ಮಾತ್ರ ಅದರ ಅರ್ಥ ತಿಳಿಯುತ್ತದೆ. ಹತ್ತಿರದಲ್ಲೊಂದು ಪುಟ್ಟ ಫಲಕ ಇರಲೇಬೇಕು.

ಗೋಡೆಗೇರಿದ ಸಂಖ್ಯೆಗಳು

ಆಟಗಾರರ ಸಂಖ್ಯೆಯನ್ನು ಮುಂದೆ ಯಾರೂ ಧರಿಸದಂತೆ ನಿವೃತ್ತಗೊಳಿಸುವ ಪದ್ಧತಿ ಮೇಜರ್ ಲೀಗಿನಲ್ಲಿ 1939ರಲ್ಲಿ ಯಾಂಕೀಸ್ ತಂಡದ ಲೂ ಗೆರಿಗ್ ಅವರ 4ರಿಂದ ಆರಂಭವಾಯಿತು. ನಮ್ಮಲ್ಲಿ ಆರ್‌ಸಿಬಿ 2023ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಎಬಿ ಡಿವಿಲಿಯರ್ಸ್ ಅವರ 17 ಮತ್ತು ಕ್ರಿಸ್ ಗೇಲ್ ಅವರ 333ನ್ನು ನಿವೃತ್ತಗೊಳಿಸಿದ್ದು ಇದೇ ಸಂಪ್ರದಾಯದ ಮುಂದುವರಿಕೆ. ತೋರಿಸುವ ರೀತಿಯಲ್ಲಿ ವ್ಯತ್ಯಾಸಗಳಿವೆ. ಫೆನ್‌ವೇಯಲ್ಲಿ ಅವು ರೈಟ್ ಫೀಲ್ಡಿನ ಮೇಲಿನ ಅಂಚಿನಲ್ಲಿ ಸಾಲಾಗಿವೆ. ಶಿಕಾಗೊದ ರಿಗ್ಲಿ ಫೀಲ್ಡಿನಲ್ಲಿ ಆಟದ ಪಕ್ಕದ ಗಡಿಯನ್ನು ತೋರಿಸುವ ಫೌಲ್ ಕಂಬಗಳಿಗೆ ಕಟ್ಟಿದ ಬಾವುಟಗಳ ಮೇಲಿವೆ. ನನಗೆ ರಿಗ್ಲಿಯ ರೀತಿ ಹೆಚ್ಚು ಇಷ್ಟ, ಏಕೆಂದರೆ ಬಾವುಟ ಗಾಳಿಗೆ ಅಲುಗಾಡುತ್ತದೆ, ಹೊಡೆದ ಚೆಂಡು ಕಂಬದ ಒಳಗೋ ಹೊರಗೋ ಎಂದು ಎಲ್ಲರ ಕಣ್ಣು ಹೇಗೂ ಅತ್ತಲೇ ಹೋಗುತ್ತದೆ.

ಪಂದ್ಯ ನಡೆಯುತ್ತಿರುವಾಗಲೂ ಎಲ್ಲ ಆಸನಗಳಿಂದ ಕಾಣುವ ಪ್ರದರ್ಶನ ಬೇಕಾದರೆ ಇದಕ್ಕಿಂತ ಮಿಗಿಲಾದುದಿಲ್ಲ. ಕೊರತೆ ಇರುವುದು ಸಂಖ್ಯೆಯ ಮೌನದಲ್ಲಿ. 1997ರಿಂದ ಜಾಕಿ ರಾಬಿನ್‌ಸನ್ ಅವರ 42 ಎಲ್ಲ ತಂಡಗಳಲ್ಲೂ ನಿವೃತ್ತ. ಎಲ್ಲ ಕ್ರೀಡಾಂಗಣಗಳಲ್ಲೂ ಕಾಣುತ್ತದೆ. ಆದರೆ 1947ರ ಏಪ್ರಿಲ್ 15ರಂದು ಅವರು ಮೈದಾನಕ್ಕಿಳಿದಾಗ ಮೇಜರ್ ಲೀಗಿನ ವರ್ಣಭೇದದ ಗೋಡೆ ಒಡೆಯಿತೆಂಬುದನ್ನು ಆ ಎರಡು ಅಂಕಿಗಳು ಹತ್ತು ವರ್ಷದ ಮಗುವಿಗೆ ಹೇಳಲಾರವು. ಸಂಖ್ಯೆಯ ಪಕ್ಕದಲ್ಲಿ ಹೆಸರಿಲ್ಲದಿದ್ದರೆ, ಪಡಸಾಲೆಯಲ್ಲಿ ಎಲ್ಲಾದರೂ ಅದರ ಕಥೆ ಇಲ್ಲದಿದ್ದರೆ, ಗೊತ್ತಿದ್ದವರಿಗೆ ಮಾತ್ರ ಅದು ಅರ್ಥವಾಗುತ್ತದೆ.

ಕಂಚಿನ ವಿಷಯ

ಪ್ರತಿಮೆ, ಸ್ಮಾರಕಗಳ ಚರ್ಚೆಗೆ ಯಾಂಕೀಸ್ ತಂಡದ ಮಾನ್ಯುಮೆಂಟ್ ಪಾರ್ಕಿನಿಂದಲೇ ಆರಂಭಿಸಬೇಕು. 1929ರಲ್ಲಿ ತೀರಿಕೊಂಡ ಮ್ಯಾನೇಜರ್ ಮಿಲ್ಲರ್ ಹಗಿನ್ಸ್ ಅವರ ಸ್ಮಾರಕವನ್ನು 1932ರಲ್ಲಿ ಮೈದಾನದ ಒಳಗೇ, ಸೆಂಟರ್ ಫೀಲ್ಡಿನ ಗೋಡೆಯ ಮುಂದೆ ನಿಲ್ಲಿಸಿದರು. 1941ರಲ್ಲಿ ಗೆರಿಗ್, 1949ರಲ್ಲಿ ಬೇಬ್ ರೂತ್ ಅವರ ಸ್ಮಾರಕಗಳು ಅದರ ಜೊತೆಗೂಡಿದವು. ಅಲ್ಲಿ ಗೋಡೆ 461 ಅಡಿ ದೂರವಿದ್ದುದರಿಂದ ಚೆಂಡು ಅಲ್ಲಿಯವರೆಗೆ ಹೋಗುವುದು ಅಪರೂಪ. ಹೋದರೆ ಫೀಲ್ಡರ್ ಆ ಕಲ್ಲುಗಳ ಹಿಂದೆ ಓಡಿ ಚೆಂಡು ತರಬೇಕಿತ್ತು. ನವೀಕರಣ ಮುಗಿದು 1976ರಲ್ಲಿ ಕ್ರೀಡಾಂಗಣ ಮತ್ತೆ ತೆರೆದಾಗ ಅವು ಬೇಲಿಯ ಆಚೆಗೆ ಸರಿದವು, 1985ರಲ್ಲಿ ಆ ಜಾಗ ಅಭಿಮಾನಿಗಳ ಭೇಟಿಗೆ ತೆರೆಯಿತು. 2009ರ ಹೊಸ ಕ್ರೀಡಾಂಗಣದಲ್ಲಿ ಅದು ಸೆಂಟರ್ ಫೀಲ್ಡಿನ ಬೇಲಿಯ ಹಿಂದೆ, ಮೇಲಿನ ರೆಸ್ಟೊರೆಂಟಿನ ನೆರಳಿನಲ್ಲಿದೆ. ಪಂದ್ಯ ಆರಂಭವಾಗುವುದಕ್ಕೆ ಸುಮಾರು ಮುಕ್ಕಾಲು ಗಂಟೆ ಮೊದಲೇ ಅದನ್ನು ಮುಚ್ಚುತ್ತಾರೆ.

ಅಟ್ಲಾಂಟದ ಟ್ರೂಯಿಸ್ಟ್ ಪಾರ್ಕ್ 2017ರಲ್ಲಿ ಬೇರೆ ಹಾದಿ ಹಿಡಿಯಿತು. ಅದರ ಮಾನ್ಯುಮೆಂಟ್ ಗಾರ್ಡನ್ ಇರುವುದು ಹೋಮ್ ಪ್ಲೇಟಿನ ಹಿಂದಿನ ಪಡಸಾಲೆಯಲ್ಲಿ, ಚಾವಣಿಯ ಕೆಳಗೆ, ಜನ ಹೇಗೂ ಓಡಾಡುವ ದಾರಿಯಲ್ಲಿ. ಹ್ಯಾಂಕ್ ಆರನ್ ಅವರ ಪ್ರತಿಮೆಯ ಹಿಂದೆ ಬ್ಯಾಟುಗಳನ್ನೇ ಜೋಡಿಸಿ ಅವರ ಒಟ್ಟು ಹೋಮ್ ರನ್ನುಗಳ ಸಂಖ್ಯೆಯಾದ 755ನ್ನು ರೂಪಿಸಿದ್ದಾರೆ. ಯಾಂಕೀಸ್ ಸ್ಮಾರಕಗಳಿಗೆ ಇರುವ ಕಾಲದ ಘನತೆ ಇದಕ್ಕಿಲ್ಲ ನಿಜ. ಆದರೆ ಐದನೇ ಇನ್ನಿಂಗ್ಸಿನ ನಡುವೆ ಮಗುವನ್ನು ಕರೆದುಕೊಂಡು ನೀರು ತರಲು ಹೊರಟ ತಾಯಿಗೂ ಆರನ್ ಸಿಗುತ್ತಾರೆ. ಹೊಸದಾಗಿ ಯೋಜಿಸುವವರು ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಅಟ್ಲಾಂಟದ ಮಾದರಿಯನ್ನೇ ಆರಿಸಲಿ ಎನ್ನುತ್ತೇನೆ.

ಪ್ರತಿಮೆಯನ್ನು ನಾನು ಕೊನೆಗೆ ಇಡಲು ಕಾರಣವೆಂದರೆ, ಕಂಚಿನಲ್ಲಿ ಮಾಡಿದ ತಪ್ಪನ್ನು ತಿದ್ದುವುದು ಕಷ್ಟ. 2008ರಲ್ಲಿ ರಿಗ್ಲಿ ಫೀಲ್ಡಿನ ಹೊರಗೆ ಎರ್ನಿ ಬ್ಯಾಂಕ್ಸ್ ಅವರ ಪ್ರತಿಮೆ ಅನಾವರಣಗೊಂಡಿತು. ಇವತ್ತು ಎರಡು ಪಂದ್ಯ ಆಡೋಣ ಎಂಬ ಅರ್ಥದ ‘ಲೆಟ್ಸ್ ಪ್ಲೇ ಟೂ’ ಎಂಬುದು ಅವರ ಪ್ರಸಿದ್ಧ ಮಾತು. ಪೀಠದ ಮೇಲೆ ಅದನ್ನು ಕೆತ್ತುವಾಗ ಇಂಗ್ಲಿಷಿನ ಮೊದಲ ಪದದಲ್ಲಿ ಇರಬೇಕಾದ ಲೋಪಚಿಹ್ನೆ ಬಿಟ್ಟುಹೋಗಿತ್ತು. ಶಿಲ್ಪಿ ಮರಳಿ ಬಂದು ಅದನ್ನು ಕೆತ್ತಬೇಕಾಯಿತು. ಬೇಸ್‌ಬಾಲಿನ ಶ್ರೇಷ್ಠರ ಗೌರವ ಭವನವಾದ ಕೂಪರ್ಸ್‌ಟೌನಿನ ರಾಷ್ಟ್ರೀಯ ಹಾಲ್ ಆಫ್ ಫೇಮಿನಲ್ಲೂ ಇಂಥದ್ದು ನಡೆದಿದೆ. ಕ್ಲೆಮೆಂಟೆ ಅವರ ಫಲಕದಲ್ಲಿ ತಾಯಿಯ ಕಡೆಯ ಮನೆತನದ ಹೆಸರು ನಡುವೆ ಬಂದು, ಹೆಸರು ಸ್ಪ್ಯಾನಿಷ್ ಪದ್ಧತಿಗೆ ವಿರುದ್ಧವಾಗಿ ಅದಲುಬದಲಾಗಿತ್ತು. 2000ದಲ್ಲಿ ಹೊಸ ಫಲಕ ಹಾಕಿದರು. ರಾಬಿನ್‌ಸನ್ ಅವರ ಫಲಕ ವರ್ಣಭೇದವನ್ನು ಮುರಿದ ವಿಷಯವನ್ನೇ ಹೇಳುತ್ತಿರಲಿಲ್ಲ. ಅದನ್ನು ಬದಲಿಸಿದ್ದು 2008ರಲ್ಲಿ. ಹೀಗಾಗಿ ಕೆತ್ತುವ ಮೊದಲು ಬರಹವನ್ನು ಕಾಗದದ ಮೇಲೆ ನಿಜ ಗಾತ್ರದಲ್ಲಿ ಮುದ್ರಿಸಿ, ಅದೇ ಜಾಗದಲ್ಲಿ ಒಂದು ತಿಂಗಳು ಅಂಟಿಸಿ, ಆಟಗಾರರ ಮನೆಯವರಿಗೂ ಹಳೆಯ ಅಭಿಮಾನಿಗಳಿಗೂ ತೋರಿಸುವುದು ಅಗತ್ಯ. ಬಯಲಿನ ಕಂಚಿಗೆ ವರ್ಷಕ್ಕೊಮ್ಮೆಯಾದರೂ ತೊಳೆದು ಮೇಣ ಹಚ್ಚುವ ಖರ್ಚನ್ನೂ, ಚಾಚಿಕೊಂಡ ಭಾಗಗಳ ಭದ್ರತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಿಯಾಟಲ್‌ನಲ್ಲಿ ಗ್ರಿಫಿ ಜೂನಿಯರ್ ಪ್ರತಿಮೆಯ ಬ್ಯಾಟನ್ನು 2019ರಲ್ಲಿ ಮುರಿದಿದ್ದರು.

ಗಾಜಿನ ಹಿಂದಿನ ಜರ್ಸಿ

ಮ್ಯೂಸಿಯಂ ಎಲ್ಲಕ್ಕಿಂತ ದುಬಾರಿ, ಎಲ್ಲಕ್ಕಿಂತ ಹೆಚ್ಚು ಹೇಳಬಲ್ಲದ್ದೂ ಅದೇ. ಸಿನ್ಸಿನಾಟಿ ರೆಡ್ಸ್ ತಂಡದ ಮ್ಯೂಸಿಯಂ 2004ರಲ್ಲಿ ಕ್ರೀಡಾಂಗಣಕ್ಕೆ ತಾಗಿಕೊಂಡೇ ಆರಂಭವಾಯಿತು. ರೋಸ್ ಹೊಡೆದ 4,256 ಹಿಟ್‌ಗಳಿಗೆ ತಲಾ ಒಂದರಂತೆ 4,256 ಚೆಂಡುಗಳನ್ನು ಅಲ್ಲಿ ಗೋಡೆಯ ಉದ್ದಕ್ಕೂ ಜೋಡಿಸಿದ್ದಾರೆ. ಅಂಕಿಯನ್ನು ಓದುವುದಕ್ಕೂ ಅಷ್ಟು ಚೆಂಡುಗಳ ಮುಂದೆ ತಲೆಯೆತ್ತಿ ನಿಲ್ಲುವುದಕ್ಕೂ ಇರುವ ಅಂತರವನ್ನು ಆ ಗೋಡೆ ಕಲಿಸುತ್ತದೆ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವು 2014ರಲ್ಲಿ ತನ್ನ ಮ್ಯೂಸಿಯಮ್ಮನ್ನು ಕ್ರೀಡಾಂಗಣದ ಎದುರಿನ ಕಟ್ಟಡದಲ್ಲಿ ತೆರೆಯಿತು. ಕ್ರೀಡಾಂಗಣದ ಹೊರಬಾಗಿಲಿನ ಆಚೆ ಇದ್ದರೆ ಪಂದ್ಯವಿಲ್ಲದ ದಿನವೂ ಜನ ಬರಬಹುದು. ಒಳಗಿದ್ದರೆ ಟಿಕೆಟ್ ಕೊಂಡವರಿಗೆ ಮಾತ್ರ. ಮ್ಯೂಸಿಯಂ ಕಟ್ಟುವ ಶಕ್ತಿಯಿರುವ ತಂಡ ಎರಡೂ ಕಡೆಗೆ ಬಾಗಿಲಿರುವ ಜಾಗವನ್ನು ಹುಡುಕಿಕೊಳ್ಳಲಿ.

ವಸ್ತುಗಳ ವಿಷಯದಲ್ಲಿ ಅವಸರ ಸಲ್ಲದು. 1970ರವರೆಗೆ ಬೇಸ್‌ಬಾಲ್ ಜರ್ಸಿಗಳು ಉಣ್ಣೆಯ ಫ್ಲ್ಯಾನಲ್ ಬಟ್ಟೆಯವು. ಆ ವರ್ಷ ಪಿಟ್ಸ್‌ಬರ್ಗ್ ತಂಡ ಹೊಸ ಹೆಣಿಗೆ ಬಟ್ಟೆಗೆ ಬದಲಾಯಿತು. ಉಣ್ಣೆಗೆ ನುಸಿಹುಳುವಿನ ಕಾಟವಿದೆ. ಹ್ಯಾಂಗರಿಗೆ ತೂಗುಹಾಕಿದರೆ ತನ್ನ ಭಾರಕ್ಕೇ ಭುಜದ ಹೊಲಿಗೆ ಜಗ್ಗುತ್ತದೆ. ಮೈಯಳತೆಯ ಆಧಾರದ ಮೇಲೋ ಇಳಿಜಾರು ಹಲಗೆಯ ಮೇಲೋ ಇಡಬೇಕು. ಬಟ್ಟೆ, ಕಾಗದ, ಶಾಯಿಯ ಸಹಿಗಳಿಗೆ ಮ್ಯೂಸಿಯಮ್ಮುಗಳು ಇಟ್ಟುಕೊಂಡಿರುವ ಬೆಳಕಿನ ಮಿತಿ ಸುಮಾರು 50 ಲಕ್ಸ್. ನಡುಹಗಲ ಬಿಸಿಲು ಲಕ್ಷ ಲಕ್ಸಿನ ಹತ್ತಿರ ಹೋಗುತ್ತದೆ. ಬೆಳಕಿನಿಂದಾದ ಹಾನಿ ಒಂದರ ಮೇಲೊಂದು ಸೇರುತ್ತ ಹೋಗುತ್ತದೆ, ಹಿಂದಿರುಗುವುದಿಲ್ಲ. ಗಾಜಿನ ಗೋಡೆಯ ಬಳಿ ಒಂದು ಬೇಸಿಗೆ ಇಟ್ಟ ಚೆಂಡಿನ ಮೇಲಿನ ಸಹಿ ಅಳಿಸಿಹೋದರೆ ಅದು ಬರೀ ಚೆಂಡು. ತೆರೆದ ಪಡಸಾಲೆಯಲ್ಲಿ ಅಸಲಿ ವಸ್ತು ಇಡಲೇಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿ ಪ್ರತಿಕೃತಿ ಇಟ್ಟು, ಇದು ಪ್ರತಿಕೃತಿ ಎಂದು ಬರೆದರೆ ಯಾರೂ ಬೇಸರಪಡುವುದಿಲ್ಲ. ಮತ್ತೊಂದು ಮಾತು: ಜರ್ಸಿಯ ಮೊಣಕೈಯಲ್ಲಿರುವ ಮಣ್ಣನ್ನು, ಬ್ಯಾಟಿನ ಹಿಡಿಯಲ್ಲಿರುವ ಕರಿ ಅಂಟನ್ನು ತೊಳೆಯಬಾರದು. ಅಂದು ಎರಡನೇ ಬೇಸ್‌ನತ್ತ ಜಾರಿಕೊಂಡು ಬಂದದ್ದಕ್ಕೆ ಆ ಮಣ್ಣೇ ಸಾಕ್ಷಿ.

ಯಾರ ಇತಿಹಾಸ, ಎಷ್ಟು ಕಾಲದ ಅಂಕಿ?

ನ್ಯೂಯಾರ್ಕಿನ ಸಿಟಿ ಫೀಲ್ಡ್ 2009ರಲ್ಲಿ ತೆರೆದಾಗ ಅದರ ಭವ್ಯ ಪ್ರವೇಶ ಮಂಟಪ ರಾಬಿನ್‌ಸನ್ ಅವರಿಗೆ ಮೀಸಲಾಗಿತ್ತು. ಗೌರವ ಸರಿಯಾದದ್ದೇ. ಆದರೆ ಅವರು ಆಡಿದ್ದು ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ. ಮೆಟ್ಸ್ ತಂಡದ ಸ್ವಂತ ಚರಿತ್ರೆ ಒಳಗೆಲ್ಲೂ ಸಾಕಷ್ಟು ಕಾಣುವುದಿಲ್ಲವೆಂದು ಅಭಿಮಾನಿಗಳು ದೂರಿದರು. ಮರುವರ್ಷವೇ ತಂಡವು ಅದೇ ಮಂಟಪಕ್ಕೆ ಹೊಂದಿಕೊಂಡು ತನ್ನ ಹಾಲ್ ಆಫ್ ಫೇಮ್ ಮತ್ತು ಮ್ಯೂಸಿಯಂ ತೆರೆಯಿತು. ವಿನ್ಯಾಸ ಅಂತಿಮವಾಗುವ ಮುಂಚೆ ಋತುವಿಡೀ ಟಿಕೆಟ್ ಇಟ್ಟುಕೊಂಡ ಹಳೆಯ ಅಭಿಮಾನಿಗಳನ್ನು ಹತ್ತಿಪ್ಪತ್ತು ಜನರಂತೆ ಕೂರಿಸಿಕೊಂಡು ‘ಇಲ್ಲಿ ಏನು ಕಾಣದಿದ್ದರೆ ನಿಮಗೆ ನೋವಾಗುತ್ತದೆ?’ ಎಂದು ಕೇಳುವುದಕ್ಕೆ ತಗಲುವ ವೆಚ್ಚ ಚಹಾದಷ್ಟೇ.

ಅಂಕಿಗಳ ಬಗ್ಗೆ 2024ರ ಮೇ ತಿಂಗಳು ದೊಡ್ಡ ಪಾಠ ಕಲಿಸಿತು. ಕಪ್ಪು ಆಟಗಾರರನ್ನು ಮೇಜರ್ ಲೀಗಿನಿಂದ ಹೊರಗಿಟ್ಟಿದ್ದ ಕಾಲದಲ್ಲಿ ಅವರು ಆಡಿದ ನೀಗ್ರೊ ಲೀಗ್‌ಗಳ 1920ರಿಂದ 1948ರವರೆಗಿನ ದಾಖಲೆಗಳನ್ನು ಮೇಜರ್ ಲೀಗ್ ತನ್ನ ಅಧಿಕೃತ ದಾಖಲೆಯೊಳಗೆ ಸೇರಿಸಿತು. ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ, ಅಂದರೆ ಬ್ಯಾಟಿಂಗ್ ಅವಕಾಶಗಳಲ್ಲಿ ಹಿಟ್ ಆದವುಗಳ ಪ್ರಮಾಣದಲ್ಲಿ, ಟೈ ಕಾಬ್ ಅವರ .367ರ ಮೇಲೆ ಜಾಶ್ ಗಿಬ್ಸನ್ ಅವರ .372 ಬಂತು. ಬಹಳ ತಡವಾದ ನ್ಯಾಯವದು. ಸಾರ್ವಕಾಲಿಕ ಶ್ರೇಷ್ಠ ಎಂದು ಹಿಂದೆ ಕಲ್ಲಿನಲ್ಲಿ ಕೆತ್ತಿದ ಫಲಕವೊಂದಿದ್ದರೆ ಅದು ಅಂದೇ ಸುಳ್ಳಾಯಿತು. ಹಾಗಾಗಿ ನಡೆದುಹೋದ ಘಟನೆಯನ್ನು ಕಂಚಿನಲ್ಲಿ ಬರೆಯಬಹುದು, ಸ್ಥಾನಮಾನವನ್ನು ಬದಲಿಸಬಹುದಾದ ಫಲಕದಲ್ಲಿ ಬರೆಯಬೇಕು. ಡಿಜಿಟಲ್ ಪರದೆಗೆ ನಿಜವಾದ ಕೆಲಸ ಇರುವುದೂ ಇಲ್ಲೇ. ಬದಲಾಗುವ ಅಂಕಿಗಳಿಗೆ, ಹಳೆಯ ದೃಶ್ಯಗಳಿಗೆ ಅದು ತಕ್ಕದ್ದು, ಉಳಿದುದಕ್ಕೆ ಅದರ ಹಂಗು ಬೇಡ.

ಬಟ್ಟೆಯೂ ಸಾಕಾಗುತ್ತದೆ. 1995ರಲ್ಲಿ ಬಾಲ್ಟಿಮೋರಿನ ಕ್ಯಾಲ್ ರಿಪ್ಕನ್ ಜೂನಿಯರ್ ಗೆರಿಗ್ ಅವರ ಸತತ 2,130 ಪಂದ್ಯಗಳ ದಾಖಲೆಯತ್ತ ಸಾಗುತ್ತಿದ್ದಾಗ ಕ್ಯಾಮ್ಡೆನ್ ಯಾರ್ಡ್ಸಿನ ಗೋದಾಮಿನ ಗೋಡೆಯ ಮೇಲೆ ದೊಡ್ಡ ಅಂಕಿಗಳ ಬಟ್ಟೆಯ ಪಟಗಳನ್ನು ಇಳಿಬಿಟ್ಟಿದ್ದರು. ಪಂದ್ಯವು ಅಧಿಕೃತವೆನಿಸುವಷ್ಟು ಇನ್ನಿಂಗ್ಸ್ ಮುಗಿದ ಕ್ಷಣದಲ್ಲಿ ಕೊನೆಯ ಅಂಕಿ ಬದಲಾಗುತ್ತಿತ್ತು. ಸೆಪ್ಟೆಂಬರ್ 6ರಂದು 0 ಹೋಗಿ 1 ಬಂತು. ಪಂದ್ಯ 22 ನಿಮಿಷ ನಿಂತಿತು. ಇತಿಹಾಸ ಆಗುತ್ತಿರುವಾಗಲೇ ಅದನ್ನು ತೋರಿಸಿದ ಪ್ರದರ್ಶನವದು, ಅದಕ್ಕೆ ಬೇಕಾದದ್ದು ಬಟ್ಟೆ ಮತ್ತು ಸರಿಯಾದ ಗೋಡೆ.

ಹಾಗಾದರೆ ಯಾವುದನ್ನು ಆರಿಸುವುದು?

ಹೊಸ ಕ್ರೀಡಾಂಗಣದ ನಕ್ಷೆ ಇನ್ನೂ ಸಿದ್ಧವಾಗುತ್ತಿದ್ದರೆ ಗೋಡೆಯ ಅಳತೆ, ದ್ವಾರದ ಸಂಖ್ಯೆ, ಗೋಡೆಯೊಳಗಿನ ಗೂಡುಗಳನ್ನು ಮೊದಲು ತೀರ್ಮಾನಿಸಿ. ಈ ಮೂರನ್ನು ಆಮೇಲೆ ಸೇರಿಸುವುದು ಕಷ್ಟ. ಪಡಸಾಲೆಯ ಗೋಡೆಗಳಲ್ಲಿ ಮೂರರಲ್ಲೊಂದು ಭಾಗವನ್ನು ಖಾಲಿ ಬಿಡಿ, ಮುಂದಿನ ಐವತ್ತು ವರ್ಷಗಳಿಗೂ ಜಾಗ ಬೇಕು. ಹಳೆಯ ಕ್ರೀಡಾಂಗಣದಲ್ಲೇ ಆಡುತ್ತಿರುವ ತಂಡ ತನ್ನ ಕುರ್ಚಿಗಳನ್ನೂ ಗೋಡೆಗಳನ್ನೂ ದಾಖಲೆಗಳೊಂದಿಗೆ ಹೊಂದಿಸಿ ನೋಡಿ, ಏನು ಎಲ್ಲಿ ನಡೆಯಿತೆಂಬ ನಕ್ಷೆಯನ್ನು ಮೊದಲು ತಯಾರಿಸಲಿ. ಊರು ಬದಲಿಸಿದ ತಂಡಕ್ಕೆ ಮ್ಯೂಸಿಯಂ ಅನಿವಾರ್ಯ, ಏಕೆಂದರೆ ಅದರ ಜಾಗಗಳು ಬೇರೆ ಊರಿನಲ್ಲಿ ಉಳಿದಿವೆ.

ಹಣ ತೀರಾ ಕಡಿಮೆಯಿರುವ ಸಣ್ಣ ಲೀಗಿನ ತಂಡಕ್ಕೆ ಕ್ಯಾನ್ಸಸ್ ಸಿಟಿಯ ದಾರಿಯೊಂದಿದೆ. ಅಲ್ಲಿನ ನೀಗ್ರೊ ಲೀಗ್ ತಂಡವಾದ ಮೊನಾರ್ಕ್ಸ್‌ನಲ್ಲಿ ಆಡಿ, ಮ್ಯಾನೇಜರ್ ಆಗಿ, ಮುಂದೆ ಮೇಜರ್ ಲೀಗಿನ ಮೊದಲ ಕಪ್ಪು ಕೋಚ್ ಆದ ಬಕ್ ಓನೀಲ್ ತಮ್ಮ ಕೊನೆಯ ವರ್ಷಗಳಲ್ಲಿ ಕೌಫ್‌ಮನ್ ಕ್ರೀಡಾಂಗಣದಲ್ಲಿ ಹೋಮ್ ಪ್ಲೇಟಿನ ಹಿಂದೆ ಕುಳಿತು ಪಂದ್ಯ ನೋಡುತ್ತಿದ್ದರು. ಅವರು 2006ರಲ್ಲಿ ತೀರಿಕೊಂಡರು. ಮರುವರ್ಷದಿಂದ ಊರಿನ ಮೇಜರ್ ಲೀಗ್ ತಂಡವಾದ ರಾಯಲ್ಸ್ ನೀಲಿ ಕುರ್ಚಿಗಳ ನಡುವೆ ಅವರ ನೆನಪಿಗೆ ಒಂದು ಕೆಂಪು ಕುರ್ಚಿಯನ್ನಿಟ್ಟು, ತವರಿನ ಪ್ರತಿ ಪಂದ್ಯಕ್ಕೂ ಊರಿಗೆ ಒಳ್ಳೆಯದನ್ನು ಮಾಡಿದ ಒಬ್ಬರನ್ನು ಆರಿಸಿ ಅಲ್ಲಿ ಕೂರಿಸುತ್ತಿದೆ. ಒಂದು ಡಬ್ಬಿ ಬಣ್ಣ, ಒಂದು ಟಿಕೆಟಿನ ಬೆಲೆ, ಮತ್ತು ಹೆಸರುಗಳನ್ನು ಶ್ರದ್ಧೆಯಿಂದ ಓದಿ ಆರಿಸುವ ಒಬ್ಬ ಸಿಬ್ಬಂದಿ ಇದ್ದರೆ ಮುಂದಿನ ಋತುವಿನಲ್ಲೇ ಆರಂಭಿಸಬಹುದು.